ಕಳವಾ ಶಾಲೆಯೂ ಸ್ಟವ್ ಕಾರ್ಖಾನೆಯೂ

ಹೋದ ತಿಂಗಳು ನವಿ ಮುಂಬಯಿಯ ಖಾರಘರದ ನಮ್ಮ ಬಿಲ್ಡಿಂಗಿನ ಕಮಿಟಿಯ ಹುಡುಗಿಯೊಬ್ಬಳು ಬಾಗಿಲು ತಟ್ಟಿದಳು. ಹಿಂದಿನ ಖಾಲಿ ಜಾಗದಲ್ಲಿ ಯಾರೋ ಕಾಂಕ್ರೀಟ್ ಕಲಸುವ ಪ್ಲಾಂಟ್ ಹಾಕುತ್ತಾರಂತೆ, ಇಡೀ ದಿನ ಸದ್ದಂತೆ, ಎಲ್ಲರೂ ಸೇರಿ ವಿರೋಧಿಸಬೇಕು, ಒಂದು ಸಹಿ ಹಾಕಿ ಎಂದಳು. ಮಂಗಳೂರು ಕಡೆಯವರ ಮಗಳು. ನಾನು ಕನ್ನಡದಲ್ಲಿ ಮಾತಾಡಿದರೆ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಸಹಿ ಹಾಕಿದೆ. ಹಾಕುತ್ತ, "ಈ ಪ್ಲಾಂಟು ಈಗ ಎಲ್ಲಿ ಉಂಟು? ಅಲ್ಲಿಂದ ಯಾಕೆ ಎಬ್ಬಿಸ್ತಿದ್ದಾರೆ?" ಎಂದು ಕೇಳಿದೆ.

"ಪತಾ ನಹೀ, ಆಂಟಿ," ಎಂದು ನಕ್ಕು ಅವಳು ಎದುರು ಮನೆಯ ಬೆಲ್ ಒತ್ತಿದಳು.

ಆ ಪ್ರಶ್ನೆ ನನ್ನ ಸ್ವಂತ ಬುದ್ಧಿಯದಲ್ಲ. ಎಂಬತ್ತೆರಡರ ಮಳೆಗಾಲದಲ್ಲಿ ಕಲಿತದ್ದು.

ಆಗ ನಾವು ಡೊಂಬಿವಲಿಯಲ್ಲಿದ್ದೆವು. ನನ್ನ ಗಂಡ ಮುಂಬಯಿಯ ಫೋರ್ಟಿನ ಆಫೀಸಿಗೆ ಫಾಸ್ಟ್ ಲೋಕಲ್ ರೈಲು ಹಿಡಿಯುತ್ತಿದ್ದರು, ನಾನು ಸ್ಲೋ ಗಾಡಿಯಲ್ಲಿ ಕಳವಾಕ್ಕೆ ಹೋಗುತ್ತಿದ್ದೆ, ಅಲ್ಲಿನ ಕನ್ನಡ ಶಾಲೆಗೆ. ಆ ಊರಿನ ಹೆಸರಿಗೆ ಕನ್ನಡದ ಬಾಲ ಹಚ್ಚಿದರೆ ಕಳ್ಳತನವಾದಂತೆ ಕೇಳುತ್ತದೆ. "ನಮ್ಮವಳು ಕಳವಾದ ಶಾಲೆಯ ಟೀಚರ್" ಎಂದು ಗಂಡ ಬಂದವರೆದುರು ತಮಾಷೆ ಮಾಡುತ್ತಿದ್ದರು. ತಮಾಷೆಯಲ್ಲೂ ಸ್ವಲ್ಪ ನಿಜವಿತ್ತು. ಹುಡುಕಿಕೊಂಡು ಹೋದರೂ ಸಿಗದಂಥ ಶಾಲೆ ಅದು. ದುಡಿಯುವವರ ವಠಾರಗಳಾದ ಚಾಳುಗಳ ಸಾಲು ಮುಗಿದ ಮೇಲೆ, ಖಾಡಿಯ ಹಿನ್ನೀರಿಗೆ ಬೆನ್ನು ಮಾಡಿದ ಒಂದು ಉದ್ದನೆಯ ಕೋಣೆ. ಮೇಲೆ ತಗಡು, ನಡುವೆ ಬಿದಿರಿನ ತಟ್ಟಿ. ತಟ್ಟಿಯ ಈಚೆ ನಾನು ಒಂದು ಮತ್ತು ಎರಡನೇ ತರಗತಿಯವರನ್ನು ಕೂರಿಸಿಕೊಂಡರೆ, ಆಚೆ ಹೆಡ್‌ಮಾಸ್ಟರ್ ಸದಾಶಿವ ಮಾಷ್ಟ್ರು ಮೂರು ಮತ್ತು ನಾಲ್ಕನೆಯವರನ್ನು ನೋಡಿಕೊಳ್ಳುತ್ತಿದ್ದರು. ಮಕ್ಕಳೆಲ್ಲ ಗುಲಬರ್ಗಾ, ಬಿಜಾಪುರ, ರಾಯಚೂರು ಕಡೆಯಿಂದ ದುಡಿಯಲು ಬಂದವರ ಮಕ್ಕಳು. ಮಾಷ್ಟ್ರು ಪುತ್ತೂರಿನವರು, ನಾನು ಉಡುಪಿಯವಳು. ಮೊದಲ ವರ್ಷ ಮಕ್ಕಳ ಕನ್ನಡ ನನಗೆ, ನನ್ನ ಕನ್ನಡ ಮಕ್ಕಳಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಆಮೇಲೆ ರೂಢಿಯಾಯಿತು.

ಮಳೆಗಾಲದಲ್ಲಿ ಆ ಶಾಲೆಗೆ ತನ್ನದೇ ವೇಳಾಪಟ್ಟಿ ಇತ್ತು. ಜೋರು ಮಳೆ ತಗಡಿನ ಮೇಲೆ ಬಿದ್ದರೆ ನನ್ನ ಮಾತು ಮೊದಲ ಸಾಲಿಗೂ ತಲುಪುತ್ತಿರಲಿಲ್ಲ. ಮಳೆ ಬಂದರೆ ಕೈಬರಹ, ನಿಂತರೆ ಪಾಠ. ಮಕ್ಕಳಿಗೇ ಅದು ಗೊತ್ತಿತ್ತು. ಹನಿಯ ಸದ್ದು ಕೇಳಿದ ತಕ್ಷಣ ಯಾರೂ ಹೇಳದೆ ಪಾಟಿ ತೆಗೆಯುತ್ತಿದ್ದರು.

ಜೂನ್‌ನ ಒಂದು ಬೆಳಿಗ್ಗೆ ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ಒಂದು ಕಂಬ ನೆಟ್ಟು ಅದಕ್ಕೆ ಮರಾಠಿಯಲ್ಲಿ ಬರೆದ ನೋಟಿಸ್ ಬೋರ್ಡು ಹೊಡೆದಿದ್ದರು. ಅಲ್ಲಿ ಸ್ಟವ್ವಿನ ಭಾಗಗಳನ್ನು ಮಾಡುವ ಕಾರ್ಖಾನೆ ಬರಲಿದೆ, ಪವರ್ ಪ್ರೆಸ್ ಹಾಕಲಿದ್ದಾರೆ, ಅಕ್ಕಪಕ್ಕದವರ ತಕರಾರು ಇದ್ದರೆ ತಿಳಿಸಬೇಕು. ಮಾಷ್ಟ್ರು ಕೊಡೆ ಹಿಡಿದು ನಿಂತು ಅದನ್ನು ಓದಿ ನನಗೆ ಕನ್ನಡದಲ್ಲಿ ಹೇಳಿದರು.

"ಪ್ರೆಸ್ ಅಂದ್ರೆ ಪೇಪರಿನದ್ದಲ್ಲ ಟೀಚರೇ. ತಗಡು ಗುದ್ದುವ ಮೆಶಿನು. ಅದೂ ನಮ್ಮ ಗೋಡೆಗೆ ಒರಗಿಸಿ."

"ಮಳೆಗಾಲದಲ್ಲಿ ಹೇಗೋ ಸುಧಾರಿಸ್ತೇವಲ್ಲ ಮಾಷ್ಟ್ರೇ."

"ಮಳೆ ನಿಲ್ತದೆ. ಇದು ನಿಲ್ಲುದಿಲ್ಲ."

ಮಾಷ್ಟ್ರಿಗೆ ಆ ಶಾಲೆ ಮಗುವಿನ ಹಾಗೆ. ತಗಡಿಗಾಗಿ, ಬೆಂಚಿಗಾಗಿ, ಕರಿಹಲಗೆಗಾಗಿ ಅವರು ಠಾಣೆಯ ಹೋಟೆಲಿನವರ ಮನೆಬಾಗಿಲನ್ನೆಲ್ಲ ತಟ್ಟಿದ್ದರು. ಮದುವೆಯಾಗಿರಲಿಲ್ಲ. ಶಾಲೆಯ ಪಕ್ಕದಲ್ಲೇ ಒಂದು ಖೋಲಿಯಲ್ಲಿದ್ದರು. ಶಾಲೆ ಬಾಡಿಗೆಯ ಕೋಣೆಯಲ್ಲಿದ್ದದ್ದರಿಂದ ನಮ್ಮೊಬ್ಬರ ತಕರಾರಿಗೆ ಬೆಲೆ ಇರಲಿಲ್ಲ, ಚಾಳಿನವರೆಲ್ಲ ಸೇರಬೇಕಿತ್ತು. ಭಾನುವಾರ ಎಲ್ಲರ ತಂದೆತಾಯಿ ಬರಬೇಕೆಂದು ಮಾಷ್ಟ್ರು ಮಕ್ಕಳಿಗೆ ಹೇಳಿ ಕಳಿಸಿದರು.

ಭಾನುವಾರ ಬಂದವಳು ಭೀಮಬಾಯಿ ಒಬ್ಬಳೇ. ನನ್ನ ಎರಡನೇ ತರಗತಿಯ ಕಾಶಿಯ ತಾಯಿ. ಅಫಜಲಪುರ ಕಡೆಯವಳು, ಕಟ್ಟಡದ ಕೆಲಸದಲ್ಲಿ ಗಾರೆ ಹೊರುತ್ತಿದ್ದಳು. ಎತ್ತರದ ಹೆಂಗಸು. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದು, ಮಕ್ಕಳ ಬೆಂಚಿನ ಮೇಲೆ ಕೂರದೆ ಗೋಡೆಗೆ ಬೆನ್ನು ಕೊಟ್ಟು ನಿಂತಳು.

"ಮಾಸ್ತರ್ರ, ಉಳಿದವ್ರು ಬರಲ್ರಿ. ನಿಮ್ಮ ಮುಂದ ಹೇಳಾಕ ಅವ್ರಿಗಿ ನಾಚಿಕಿ. ಅದಕ್ಕ ನಾ ಬಂದೀನಿ. ಫ್ಯಾಕ್ಟರಿ ಬ್ಯಾಡ ಅಂತ ನಾವು ಹ್ಯಾಂಗ ಹೇಳೋದ್ರಿ? ನಮ್ಮನಿಯವ್ರು ಸಂಕ್ರಾಂತಿಯಿಂದ ಮನ್ಯಾಗ ಕುಂತಾರ."

ಮುಂಬಯಿಯ ಬಟ್ಟೆ ಗಿರಣಿಗಳು ಮುಷ್ಕರದಲ್ಲಿ ನಿಂತುಹೋದ ವರ್ಷ ಅದು. ಅವಳ ಗಂಡ ಶರಣಪ್ಪ ಒಂದು ಗಿರಣಿಯಲ್ಲಿ ಲೂಮ್ ನಡೆಸುತ್ತಿದ್ದ. ಚಾಳಿನ ಅರ್ಧದಷ್ಟು ಗಂಡಸರದ್ದು ಅದೇ ಕಥೆ. ಬೆಳಿಗ್ಗೆ ನಾನು ಸ್ಟೇಷನ್ನಿನಿಂದ ನಡೆದು ಬರುವಾಗ ಅವರೆಲ್ಲ ಹಾದಿಯ ಬದಿ ಕುಕ್ಕರುಗಾಲಲ್ಲಿ ಕೂತು ಬೀಡಿ ಸೇದುತ್ತಿರುತ್ತಿದ್ದರು.

"ಶಬ್ದ ಅಂದ್ರೆ ಎಂಥ ಶಬ್ದ ಅಂತ ಗೊತ್ತುಂಟಾ ನಿಮಗೆ?" ಎಂದರು ಮಾಷ್ಟ್ರು. "ನಿಮ್ಮ ಕಾಶಿಗೆ ಒಂದಕ್ಷರ ಕೇಳ್ಲಿಕ್ಕಿಲ್ಲ."

"ಹೊಟ್ಟಿ ಗುರ್ ಅಂತದಲ್ರಿ, ಅದೂ ಸಪ್ಪಳನೇ. ಹಸದ ಪೋರಿಗಿ ನಿಮ್ಮ ಪಾಠ ಕೇಳಸ್ತದೇನ್ರಿ?"

ಭೀಮಬಾಯಿ ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿ, "ಸಿಟ್ಟ ಮಾಡ್ಕೋಬ್ಯಾಡ್ರಿ ಅಕ್ಕೋರ," ಎಂದು ಹೇಳಿ ಹೋದಳು.

ಮನೆಗೆ ಬಂದು ಗಂಡನಿಗೆ ಹೇಳಿದೆ. "ಈಗ ನೀನು ಯಾರ ಕಡೆ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಮಾಷ್ಟ್ರು ಹೇಳಿದ್ದರಲ್ಲಿ ತಪ್ಪಿಲ್ಲ, ಭೀಮಬಾಯಿ ಹೇಳಿದ್ದರಲ್ಲೂ ತಪ್ಪಿಲ್ಲ. ಇಬ್ಬರ ಮಾತೂ ಸರಿ ಅನ್ನಿಸಿದಾಗ ಮನುಷ್ಯ ಸುಮ್ಮನೆ ಅಡುಗೆ ಮಾಡುತ್ತಾನೆ. ನಾನೂ ಅದನ್ನೇ ಮಾಡಿದೆ.

ಜುಲೈಯಲ್ಲಿ ಕಾರ್ಖಾನೆಯ ಶೇಠ್‌ಜಿಯೇ ಶಾಲೆಗೆ ಬಂದರು. ಕೆಸರಿನಲ್ಲಿ ಕಾರು ಬರಲಾಗದೆ, ಬಿಳಿ ಪ್ಯಾಂಟು ಮೊಳಕಾಲ ತನಕ ಮಡಚಿಕೊಂಡು ನಡೆದೇ ಬಂದಿದ್ದರು. ಕೆಟ್ಟ ಮನುಷ್ಯನಲ್ಲ. ಮಕ್ಕಳಿಗೆಲ್ಲ ಪೆಪ್ಪರಮಿಂಟ್ ತಂದಿದ್ದರು. ಗಿಡ್ಡ ಬೆಂಚಿನ ಮೇಲೆ ಮುದುರಿ ಕೂತು, "ಆವಾಜ್ ತೋ ಹೋಗಾ, ಮಾಸ್ಟರ್‌ಜಿ. ಪರ್ ಥೋಡಾ. ಪಂಖೇ ಜೈಸಾ," ಎಂದರು. ಫ್ಯಾನಿನಷ್ಟು ಸದ್ದು, ಅಷ್ಟೇ ಅಂತೆ. ಊರಿನವರಿಗೆ ಕೆಲಸವನ್ನೂ ಕೊಡುತ್ತಾರಂತೆ.

ಬಾಗಿಲಾಚೆ ಚಾಳಿನವರು ಗುಂಪಾಗಿ ನಿಂತು ಕೇಳುತ್ತಿದ್ದರು. ಅವರ ನಡುವಿನಿಂದ ಭೀಮಬಾಯಿಯ ದನಿ ಬಂತು, "ತೋ ದಿಖಾವ್ ನಾ, ಶೇಠ್."

ಶೇಠ್‌ಜಿ ಕತ್ತೆತ್ತಿ ನೋಡಿದರು.

"ಚಾಲೂ ಮಿಶಿನ್ ದಿಖಾವ್. ಹಮ್ ಸುನ್‌ತೇ."

ನಡೆಯುವ ಮೆಶಿನ್ ತೋರಿಸು, ಸದ್ದು ನಾವೇ ಕೇಳುತ್ತೇವೆ ಎಂಬ ಮಾತಿಗೆ ಅಷ್ಟು ಜನರೆದುರು ಇಲ್ಲ ಎನ್ನಲು ಅವರಿಗಾಗಲಿಲ್ಲ. ಠಾಣೆಯ ನೌಪಾಡಾದ ಹಿಂದಿನ ಗಲ್ಲಿಯೊಂದರಲ್ಲಿ ತಮ್ಮ ಹಳೆಯ ವರ್ಕ್‌ಶಾಪು ಇದೆ, ಯಾವಾಗ ಬೇಕಾದರೂ ಬನ್ನಿ ಎಂದರು.

ನಾನು, ಭೀಮಬಾಯಿ, ಶರಣಪ್ಪ ಹೋದೆವು. ಮಾಷ್ಟ್ರು ಬರಲಿಲ್ಲ. "ನೋಡ್ಲಿಕ್ಕೆ ಎಂಥದುಂಟು ಅದರಲ್ಲಿ" ಎಂದು ನನ್ನ ತರಗತಿಯನ್ನೂ ತಾವೇ ನೋಡಿಕೊಳ್ಳಲು ಒಪ್ಪಿದರು. ಕಳವಾದಿಂದ ಠಾಣೆ ಒಂದೇ ಸ್ಟೇಷನ್, ನಡುವೆ ಖಾಡಿ. ಮಳೆ ಹಿಡಿದು ಬಿಟ್ಟು ಆಡುತ್ತಿತ್ತು. ನೌಪಾಡಾದಲ್ಲಿ ಸೀರೆ ಅಂಗಡಿ, ಮಿಠಾಯಿ ಅಂಗಡಿಗಳ ಸಾಲು ದಾಟಿ ಗಲ್ಲಿಗೆ ತಿರುಗಿದೆವು. ಸದ್ದು ಕಿವಿಗಿಂತ ಮೊದಲು ಚಪ್ಪಲಿಯ ತಳದಲ್ಲಿ ತಿಳಿಯಿತು. ಧಡ್ ಎಂದು ಒಂದು ಗುದ್ದು, ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮತ್ತೊಂದು.

ಒಳಗೆ ಹೋದ ಮೇಲೆ ನಾವು ಕೈಸನ್ನೆಗೆ ಬಂದೆವು. ಶರಣಪ್ಪನಿಗೆ ಮಾತ್ರ ಯಾವ ತೊಂದರೆಯೂ ಇರಲಿಲ್ಲ. ಲೂಮಿನ ಸದ್ದಿನಲ್ಲಿ ದುಡಿದವರು ಹಾಗೇ, ತುಟಿ ನೋಡಿ ಮಾತು ತಿಳಿಯುತ್ತಾರೆ. ಅವನು ಮೆಶಿನ್ನಿನ ಹತ್ತಿರ ಹೋಗಿ, ಕೆಲಸ ಮಾಡುತ್ತಿದ್ದವನ ಜೊತೆ ತುಟಿಯಲ್ಲೇ ಏನೋ ಕೇಳಿದ, ಅವನೂ ತುಟಿಯಲ್ಲೇ ಉತ್ತರಿಸಿದ, ಇಬ್ಬರೂ ನಕ್ಕರು. ಜನವರಿಯಿಂದ ಹಾದಿ ಬದಿಯಲ್ಲಿ ಕೂತ ಮನುಷ್ಯನ ಮುಖ ಅಲ್ಲಿ ಬೆಳಗಿದ್ದನ್ನು ನಾನು ನೋಡಿದೆ. ಭೀಮಬಾಯಿಯೂ ನೋಡಿದಳು.

ಶೇಠ್‌ಜಿಯ ಮೇಸ್ತ್ರಿ ನಮ್ಮನ್ನು ಹಿಂದಿನ ಗೋದಾಮಿಗೂ ಕರೆದೊಯ್ದ. ದಪ್ಪ ಗೋಡೆ, ಚಾವಣಿಯ ತನಕ ರಟ್ಟಿನ ಪೆಟ್ಟಿಗೆಗಳು. "ಇಲ್ಲಿ ಎಷ್ಟು ಜನ ಕೆಲ್ಸಕ್ಕ ಇರ್ತಾರಂತ ಕೇಳ್ರಿ ಅಕ್ಕೋರ," ಎಂದಳು ಭೀಮಬಾಯಿ. ನಾನು ಕೇಳಿದೆ, ಅವನು ಹೇಳಿದ. ಹೊರಗೆ ಬಂದ ಮೇಲೆಯೇ ನನಗೆ ಹೊಳೆದದ್ದು, ಅಲ್ಲಿ ನಾವ್ಯಾರೂ ಕಿರುಚಿರಲಿಲ್ಲ.

ವರ್ಕ್‌ಶಾಪಿನ ಪಕ್ಕದಲ್ಲೇ ನಮ್ಮ ಕಡೆಯವರ ಒಂದು ಸಣ್ಣ ಹೋಟೆಲಿತ್ತು. ಚಹಾಕ್ಕೆ ಕೂತೆವು. ಪ್ರತಿ ಗುದ್ದಿಗೂ ಮೇಜಿನ ಮೇಲಿನ ಸ್ಟೀಲಿನ ಲೋಟ ಕೂದಲೆಳೆಯಷ್ಟು ಸರಿಯುತ್ತಿತ್ತು. ಗಲ್ಲೆಯಲ್ಲಿದ್ದ ಮಾಲೀಕ ಶೀನಣ್ಣ ನನ್ನ ಮಾತಿನಲ್ಲೇ ಗುರುತು ಹಿಡಿದು, "ನೀವು ಊರಿನವರಾ?" ಎಂದು ಜೋರಾಗಿ ಕೇಳಿ ಎದ್ದು ಬಂದ. ಯಾವ ಊರು, ಯಾರ ಪೈಕಿ ಎಲ್ಲ ಆದ ಮೇಲೆ ನಾನು ಆ ಸದ್ದಿನ ಬಗ್ಗೆ ಕೇಳಿದೆ.

"ಇನ್ನು ಸ್ವಲ್ಪ ದಿನ ಟೀಚರೇ. ನಾವೇ ಕಂಪ್ಲೇಂಟ್ ಕೊಟ್ಟದ್ದು. ಮೇಲೆ ಡಾಕ್ಟ್ರು ಇದ್ದಾರೆ, ಎದುರು ವಕೀಲರು ಇದ್ದಾರೆ, ಎಲ್ಲ ಸೇರಿ ಗಟ್ಟಿ ಹಿಡಿದೆವು. ದೀಪಾವಳಿ ಒಳಗೆ ಅವ ಖಾಲಿ ಮಾಡ್ಲೇಬೇಕು ಅಂತ ಆರ್ಡರ್ ಆಗಿದೆ. ಎಲ್ಲೋ ಖಾಡಿಯ ಆಚೆ ಜಾಗ ಸಿಕ್ಕಿದೆಯಂತೆ. ಅಲ್ಲಿ ಯಾರೂ ಇಲ್ವಂತೆ."

ಭೀಮಬಾಯಿ ಲೋಟ ಕೆಳಗಿಟ್ಟಳು. "ನಾವ ಅದೀವಲ್ರಿ," ಎಂದಳು.

ಶೀನಣ್ಣ ನನ್ನ ಮುಖ ನೋಡಿದ. ನಾನು ಶಾಲೆಯ ವಿಷಯ ಹೇಳಿದೆ. ಅವನ ಮುಖ ಸಣ್ಣದಾಯಿತು. ಒಳಗೆ ಹೋಗಿ ತಾನೇ ಬಟಾಟೆವಡೆಯ ತಟ್ಟೆ ತಂದಿಟ್ಟ. ನಾವಿಬ್ಬರೂ ಮುಟ್ಟಲಿಲ್ಲ. ಶರಣಪ್ಪ ಎಲ್ಲವನ್ನೂ ತಿಂದ. ಅವನು ಗೋಡೆಯ ಕಡೆ ಮುಖ ಮಾಡಿ ಕೂತಿದ್ದರಿಂದ ಯಾರ ತುಟಿಯೂ ಕಾಣದೆ ಮಾತು ಅವನಿಗೆ ಕೇಳಿಸಿರಲೇ ಇಲ್ಲ.

ಹಿಂತಿರುಗುವ ಗಾಡಿಯಲ್ಲಿ ಜನ ಕಡಿಮೆ ಇತ್ತು. ಖಾಡಿಯ ಸೇತುವೆ ದಾಟುವಾಗ ಭೀಮಬಾಯಿ ಬಾಗಿಲ ಬಳಿ ನಿಂತು ಹೊರಗೆ ನೋಡುತ್ತಿದ್ದಳು.

"ಅವ್ರಿಗಿ ಬ್ಯಾಡಾದದ್ದು ನಮ್ಮ ಕಡಿ ನೂಕ್ತಾರ. ನಾವು ಓಡಿ ಹೋಗಿ ಹಿಡ್ಕೋತೀವಿ," ಎಂದಳು. ಆಮೇಲೆ ಒಳಗೆ ಕೂತ ಗಂಡನ ಕಡೆ ನೋಡಿ, "ಖರೆ, ಇವ್ರ ಮಾರಿ ನೋಡಿದ್ರಲ್ಲ? ಕೆಲ್ಸ ಬೇಕ್ರಿ ಅಕ್ಕೋರ."

"ಗೋದಾಮಿನಲ್ಲಿ ನಾವು ಮೆತ್ತಗೇ ಮಾತಾಡಿದೆವು, ಗೊತ್ತಾಯ್ತಾ?" ಎಂದೆ ನಾನು.

ಅವಳು ನನ್ನ ಕಡೆ ತಿರುಗಿದಳು. "ಹಂಗಾದ್ರ ಗೋದಾಮ ಸಾಲಿ ಕಡಿ ಬರಲಿ. ಮಿಶಿನ್ ಖಾಡಿ ಕಡಿ ಹೋಗಲಿ."

"ಶೇಠ್ ಒಪ್ಪಬೇಕಲ್ಲ."

"ದೀಪಾವಳಿಗಿ ಅಲ್ಲಿಂದ ಎದ್ದೇಳಬೇಕಂದ್ರ ಅವಸರ ಯಾರಿಗದ? ಅಂವಗದ. ನಮಗೇನದ?"

ಅಂದು ಸಂಜೆ ಅವಳು ಚಾಳಿನ ಹೆಂಗಸರನ್ನೆಲ್ಲ ನಳದ ಹತ್ತಿರ ಕೂಡಿಸಿ ನೌಪಾಡಾದ ಮಾತು ಹೇಳಿದಳಂತೆ. 'ಅಲ್ಲಿ ಯಾರೂ ಇಲ್ಲವಂತೆ' ಎಂಬುದು ಚಾಳಿನ ತುಂಬ ಹರಡಿತು. ಗಂಡಸರಿಗೆ ಸಿಟ್ಟು ಬರಿಸಲು ಅದು ಸಾಲಲಿಲ್ಲ. ಅವರಿಗೆ ಕೆಲಸವೇ ಮುಖ್ಯ. ಹೆಂಗಸರಿಗೆ ಮಾತ್ರ ಅದು ಚೆನ್ನಾಗಿಯೇ ನಾಟಿತು.

ಆಗಸ್ಟಿನಲ್ಲಿ ವಿಚಾರಣೆಗೆಂದು ಅಧಿಕಾರಿಯೊಬ್ಬರು ಶಾಲೆಗೇ ಬಂದರು. ಶೇಠ್‌ಜಿ ಬಂದರು, ಚಾಳಿಗೆ ಚಾಳೇ ಬಂತು. ಅಧಿಕಾರಿ ಬಾಯಿ ತೆರೆಯುವುದಕ್ಕೂ ತಗಡಿನ ಮೇಲೆ ಮಳೆ ಅಪ್ಪಳಿಸುವುದಕ್ಕೂ ಸರಿಹೋಯಿತು. ಅವರ ತುಟಿ ಅಲುಗುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಕೊನೆಗೆ ಅವರೂ ಸುಮ್ಮನಾದರು. ಅಷ್ಟೊಂದು ಜನ ಒಬ್ಬರ ಮುಖ ಒಬ್ಬರು ನೋಡುತ್ತ ಮೂಕರಾಗಿ ಕೂತರು. ನನ್ನ ಮಕ್ಕಳು ಅಭ್ಯಾಸದಂತೆ ಪಾಟಿ ತೆಗೆದು ಬರೆಯತೊಡಗಿದರು. ಮಳೆ ಇಳಿದ ಮೇಲೆ ಮಾಷ್ಟ್ರು ಎದ್ದು ನಿಂತು ಮರಾಠಿಯಲ್ಲಿ ಒಂದೇ ಮಾತು ಹೇಳಿದರು, "ಸಾಹೇಬ್, ಹಾ ಫಕ್ತ ಪಾವಸಾಚಾ ಆವಾಜ್." ಇದು ಬರೀ ಮಳೆಯ ಸದ್ದು, ಸಾಹೇಬರೇ. ಅದಕ್ಕಿಂತ ಒಳ್ಳೆಯ ವಾದ ಯಾವ ವಕೀಲನೂ ಮಾಡಲಾರ. ಅಧಿಕಾರಿ ಪೆನ್ನು ಕೈಯಲ್ಲಿ ಹಿಡಿದು ಮೇಲೆ ತಗಡನ್ನೇ ನೋಡಿದರು.

ಶರಣಪ್ಪ ಮತ್ತು ಇತರ ಗಂಡಸರು ಎದ್ದರು. ಕಾರ್ಖಾನೆ ಬೇಕು, ಮಕ್ಕಳು ಬೇರೆಲ್ಲಾದರೂ ಕಲಿತಾರು ಎಂದರು. ಗಲಾಟೆಯಾಯಿತು. ಅದರ ನಡುವೆ ಭೀಮಬಾಯಿ ತನ್ನ ಗುಲಬರ್ಗಾದ ಹಿಂದಿಯಲ್ಲಿ ಗೋದಾಮಿನ ಮಾತು ಎತ್ತಿದಳು. ಶೇಠ್‌ಜಿ ತಲೆಯಾಡಿಸಿದರು. ಖಾಡಿಯ ಕಡೆ ನೆಲ ಬರೀ ಜವುಗು, ಮೆಶಿನ್ ನಿಲ್ಲಬೇಕಾದರೆ ಎಷ್ಟು ಮಣ್ಣು ತುಂಬಬೇಕು, ಆಗದ ಮಾತು ಎಂದರು.

"ಮಣ್ಣ ಹೊರೋರು ನಾವೇ ಅದೀವಲ್ಲ," ಎಂದಳು ಭೀಮಬಾಯಿ. ಕನ್ನಡದಲ್ಲೇ ಹೇಳಿದಳು, ಹಿಂದೆ ಕೂತ ಹೆಂಗಸರೆಲ್ಲ ನಕ್ಕರು. ನಾನು ಅದನ್ನು ಹಿಂದಿಯಲ್ಲಿ ಹೇಳಿದೆ. ಆಮೇಲೆ, ಯಾರೂ ಕೇಳದಿದ್ದರೂ, "ನೌಪಾಡಾದಲ್ಲಿ ದೀಪಾವಳಿಯ ಮಾತೂ ಕೇಳಿ ಬಂದಿದ್ದೇವೆ," ಎಂದು ಸೇರಿಸಿದೆ. ಶೇಠ್‌ಜಿ ನನ್ನನ್ನೊಮ್ಮೆ ನೋಡಿ, ಅಧಿಕಾರಿಯ ಕಿವಿಯಲ್ಲಿ ಏನೋ ಹೇಳಿದರು.

ಮೆಶಿನ್ ಖಾಡಿಯ ತುದಿಗೆ, ಗೋದಾಮು ಶಾಲೆಯ ಕಡೆಗೆ, ನಡುವೆ ದಪ್ಪ ಗೋಡೆ ಎಂದು ತೀರ್ಮಾನವಾಯಿತು. ಒಪ್ಪಿಗೆಗೆ ಚಾಳಿನವರು ಹೆಬ್ಬೆಟ್ಟು ಒತ್ತಿದರು. ನಾನು ಸಹಿ ಹಾಕಿದೆ. ಮಾಷ್ಟ್ರು ಹಾಕಲಿಲ್ಲ.

"ನೀವೂನಾ ಟೀಚರೇ?" ಎಂದಷ್ಟೇ ಕೇಳಿದರು.

ಅದಾದ ಮೇಲೆ ಬಹಳ ದಿನ ಅವರು ನನ್ನೊಡನೆ ಶಾಲೆಯ ಕೆಲಸ ಬಿಟ್ಟು ಬೇರೆ ಮಾತಾಡಲಿಲ್ಲ. ಮೊದಲೆಲ್ಲ ಬಿಡುವಿನಲ್ಲಿ ತಟ್ಟಿಯ ಆಚೆಯಿಂದ "ಚಹಾ ಆಗ್ಬಹುದಾ?" ಎಂದು ಕೂಗುತ್ತಿದ್ದವರು ಈಗ ಒಬ್ಬರೇ ಹೋಗಿ ಕುಡಿದು ಬರುತ್ತಿದ್ದರು. ನನಗೆ ಬೇಸರವಾಗಿತ್ತು. ಆದರೆ ಸಹಿ ಹಾಕಿದ್ದು ತಪ್ಪು ಎಂದು ಅನ್ನಿಸಲಿಲ್ಲ.

ಗಣಪತಿ ಮುಗಿದು ಮಳೆ ಸರಿದ ಮೇಲೆ ಲಾರಿಗಳಲ್ಲಿ ಮಣ್ಣು ಬಂತು. ಚಾಳಿನ ಹೆಂಗಸರು ಬುಟ್ಟಿ ಹೊತ್ತು ಖಾಡಿಯ ಅಂಚನ್ನು ತುಂಬಿದರು. ಭೀಮಬಾಯಿ ಎಲ್ಲರಿಗಿಂತ ಮುಂದೆ. ಕಾಶಿ ಕಿಟಕಿಯಿಂದ ನೋಡಿ, "ನಮ್ಮವ್ವ, ನಮ್ಮವ್ವ" ಎಂದು ಪಕ್ಕದವಳಿಗೆ ತೋರಿಸುತ್ತಿದ್ದಳು. ದೀಪಾವಳಿಗೆ ಕೆಲಸ ಮುಗಿಯಲಿಲ್ಲ, ಶೇಠ್‌ಜಿ ನೌಪಾಡಾದವರ ಕೈಕಾಲು ಹಿಡಿದು ಇನ್ನಷ್ಟು ಸಮಯ ಪಡೆದರಂತೆ. ಗೋಡೆ ಎದ್ದಿತು, ಗೋದಾಮಿಗೆ ಚಾವಣಿ ಬಂತು.

ಎಲ್ಲವೂ ಅಂದುಕೊಂಡಂತೆ ಆಗಲಿಲ್ಲ. ಶೇಠ್‌ಜಿ ನೌಪಾಡಾದ ತಮ್ಮ ಹಳೆಯ ಕೆಲಸಗಾರರನ್ನೇ ಕರೆತಂದರು, ಚಾಳಿನ ಕೆಲವರಿಗಷ್ಟೇ ಕೆಲಸ ಸಿಕ್ಕಿತು. ಭೀಮಬಾಯಿ ಗೇಟಿನಲ್ಲಿ ನಿಂತು ಜಗಳ ತೆಗೆದ ಮೇಲೆ ಪ್ಯಾಕಿಂಗಿಗೆಂದು ನಾಲ್ಕಾರು ಹೆಂಗಸರನ್ನು ತೆಗೆದುಕೊಂಡರು. ಶರಣಪ್ಪನಿಗೆ ಮೆಶಿನ್ ಸಿಗಲಿಲ್ಲ, ಗೋದಾಮಿನಲ್ಲಿ ಲೋಡಿಂಗ್ ಸಿಕ್ಕಿತು. ಗಿರಣಿ ಅವನನ್ನು ಮತ್ತೆ ಕರೆಯಲೇ ಇಲ್ಲ. ಅವನು ಬಹಳ ವರ್ಷ ಆ ಗೋದಾಮಿನಲ್ಲೇ ದುಡಿದ. ಉಳಿದ ಗಂಡಸರಲ್ಲಿ ಕೆಲವರು ಊರಿಗೆ ಹೋದರು, ಕೆಲವರು ನವಿ ಮುಂಬಯಿಯಲ್ಲಿ ಏಳುತ್ತಿದ್ದ ಕಟ್ಟಡಗಳ ಕೆಲಸಕ್ಕೆ ಹೋದರು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಪ್ರೆಸ್ ಶುರುವಾಯಿತು. ಇಂದು ಶುರು ಎಂದು ಎಲ್ಲರಿಗೂ ಗೊತ್ತಿತ್ತು. ಮಕ್ಕಳು ಹಾಜರಿ ಹೇಳುವಾಗಲೂ ಕಿವಿಯನ್ನು ಗೋಡೆಯ ಕಡೆಗೇ ಇಟ್ಟಿದ್ದರು. ಮಾಷ್ಟ್ರು ತಟ್ಟಿಯ ತುದಿಯಲ್ಲಿ ಬಂದು ನಿಂತಿದ್ದರು. ಆಗ ಬಾಗಿಲಲ್ಲಿ ಭೀಮಬಾಯಿ ಕಾಣಿಸಿಕೊಂಡಳು, ತೊಳೆದ ಸೀರೆ ಉಟ್ಟು, ತಲೆ ಬಾಚಿಕೊಂಡು.

"ಅಕ್ಕೋರ, ನೀವು ಪಾಠ ಹೇಳ್ರಿ. ನಾ ಹಿಂದ ಕುಂತು ಕೇಳಸ್ತದೋ ಇಲ್ಲೋ ನೋಡ್ತೀನಿ. ಕರಾರ ಮಾಡಿದಾಕಿ ನಾನ ಅಲ್ಲೇನ್ರಿ?"

ಹಿಂದಿನ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ನಾನು ಪುಸ್ತಕ ತೆಗೆದೆ. ಸಂತೆಯಲ್ಲಿ ದಾರಿ ತಪ್ಪಿದ ಕರುವಿನ ಪಾಠ ಅದು. ಎರಡು ಸಾಲು ಓದುವಷ್ಟರಲ್ಲಿ ಗುದ್ದು ಶುರುವಾಯಿತು. ನೌಪಾಡಾದ ಧಡ್ ಅಲ್ಲ, ದೂರದ ಮನೆಯಲ್ಲಿ ಯಾರೋ ಅವಲಕ್ಕಿ ಕುಟ್ಟಿದ ಹಾಗೆ. ನೆಲ ಸಣ್ಣಗೆ ಅದುರುತ್ತಿತ್ತು. ಮಕ್ಕಳು ಒಬ್ಬರನ್ನೊಬ್ಬರು ನೋಡಿ ನಕ್ಕರು. ಓದುತ್ತ ಹೋದೆ. ಭೀಮಬಾಯಿ ಕೆನ್ನೆಗೆ ಕೈ ಕೊಟ್ಟು ಕೇಳುತ್ತಿದ್ದಳು. ಕರು ಸಂತೆಯಲ್ಲಿ ಯಾರ್ಯಾರದ್ದೋ ಹಿಂದೆ ಹೋದಾಗ ಅವಳ ಹುಬ್ಬು ಗಂಟಾಯಿತು. ಕೊನೆಗೆ ತಾಯಿ ಸಿಕ್ಕಿದಾಗ ಉಸಿರು ಬಿಟ್ಟಳು.

ಪಾಠ ಮುಗಿಯಿತು. "ಎಂಥ ಭೀಮಬಾಯಿ, ಕೇಳಿತಾ?" ಎಂದು ಕೇಳಿದವರು ಮಾಷ್ಟ್ರು.

"ಕೇಳಸ್ತದ್ರಿ ಮಾಸ್ತರ್ರ. ಸಪ್ಪಳ ಅದ. ಖರೆ ಅಕ್ಕೋರ ಮಾತ ಅದರಕಿಂತ ಜೋರ ಅದ."

ಮಾಷ್ಟ್ರು ನನ್ನನ್ನು ನೋಡಿ ಬಹಳ ದಿನಗಳ ಮೇಲೆ ನಕ್ಕರು. ಭೀಮಬಾಯಿ ಏಳಲಿಲ್ಲ. ಕಾಶಿ ನಾಚಿಕೆಯಿಂದ ಹಿಂದೆ ತಿರುಗಿ, "ಅವ್ವಾ, ಇನ್ನ ಮನಿಗಿ ಹೋಗ," ಎಂದು ಪಿಸುಗುಟ್ಟಿದಳು.

"ಈಗ ಲೆಕ್ಕ ಅಲ್ಲೇನ್ರಿ ಅಕ್ಕೋರ?" ಎಂದಳು ಭೀಮಬಾಯಿ. "ಅದೂ ಕೇಳಸ್ತದೋ ಇಲ್ಲೋ ನೋಡೇ ಹೋಗ್ತೀನಿ."

ಮಾಷ್ಟ್ರು ತಟ್ಟಿಯ ಆಚೆ ಹೋದರು. ತಿರುಗಿ ಬಂದಾಗ ಕೈಯಲ್ಲಿ ಒಂದು ಪಾಟಿ, ಒಂದು ಬಳಪ. ಏನೂ ಹೇಳದೆ ಅವಳ ಮುಂದೆ ಇಟ್ಟು ತಮ್ಮ ತರಗತಿಗೆ ಹೋದರು. ಅವಳು ಪಾಟಿಯನ್ನು ಸೆರಗಿನಿಂದ ಒರೆಸಿ ತೊಡೆಯ ಮೇಲೆ ಇಟ್ಟುಕೊಂಡಳು.

ಮರುದಿನವೂ ಬಂದಳು. ಮಕ್ಕಳು ನಕ್ಕದ್ದಕ್ಕೆ, "ಸಪ್ಪಳ ದಿನಾ ಒಂದ ಥರ ಇರ್ತದೇನ?" ಎಂದು ಗದರಿಸಿ ತನ್ನ ಜಾಗದಲ್ಲಿ ಕೂತಳು. ಬೇಸಿಗೆ ರಜೆ ಬರುವ ತನಕ, ಕೆಲಸವಿಲ್ಲದ ದಿನಗಳಲ್ಲೆಲ್ಲ, ಭೀಮಬಾಯಿ ಸದ್ದು ಪರೀಕ್ಷೆ ಮಾಡಲು ಎರಡನೇ ತರಗತಿಗೆ ಬರುತ್ತಿದ್ದಳು.